ಕಲ್ಲು ಯಾವ ದಾರಿಯಲ್ಲಿ ಹೊರಬಿತ್ತು?

ಕಾಡಿನಲ್ಲಿ ಮರೆಯಾದ ಹಳೆಯ ಕಲ್ಲಿನ ಕ್ವಾರಿಗಳನ್ನು ಹುಡುಕಲೆಂದು ಲೈಡಾರ್ ನಕ್ಷೆಯನ್ನು, ಎಂದರೆ ವಿಮಾನದಿಂದ ಲೇಸರ್ ಹಾಯಿಸಿ ಅಳೆದ ನೆಲದ ಏರುತಗ್ಗಿನ ಚಿತ್ರವನ್ನು, ಮೊದಲ ಸಲ ತೆರೆದ ಸಂಜೆ ನನಗೆ ಕಂಡದ್ದೆಲ್ಲ ಗುಂಡಿಯೇ. ಮರಗಳೆಲ್ಲ ಮಾಯವಾಗಿ, ನೆಲ ಸಿಡುಬಿನ ಕಲೆ ಬಿದ್ದ ಮುಖದ ಹಾಗೆ ಪರದೆಯ ಮೇಲೆ ಹರಡಿಕೊಂಡಿತ್ತು. 40ಕ್ಕೂ ಹೆಚ್ಚು ಕಡೆ ‘ಹಳೇ ಕ್ವಾರಿ’ ಎಂದು ಗುರುತು ಹಾಕಿ ಬೀಗಿದೆ. ಮುಂದಿನ ವಾರ ಕಾಡಿಗೆ ಹೋಗಿ ನೋಡಿದರೆ ಅರ್ಧಕ್ಕರ್ಧ ಸುಳ್ಳು.

ಲೇಸರ್ ಎಲೆಯನ್ನು ತೂರಿ ಹೋಗುತ್ತದೆ ಎಂದು ಆಗ ನಾನೂ ನಂಬಿದ್ದೆ. ಅದು ತೂರುವುದಿಲ್ಲ, ಎಲೆಗಳ ಸಂದಿಯಲ್ಲಿ ನುಸುಳುತ್ತದೆ. ವಿಮಾನ ಕಳಿಸುವ ಪ್ರತಿ ಮಿಡಿತದಲ್ಲಿ ಸ್ವಲ್ಪ ಪಾಲು ತುದಿಯ ಎಲೆಗೆ, ಸ್ವಲ್ಪ ಕೊಂಬೆಗೆ ಬಡಿದು ಮರಳುತ್ತದೆ. ಉಳಿದರೆ ಮಾತ್ರ ಕೊನೆಯದು ನೆಲ ಮುಟ್ಟಿ ಬರುತ್ತದೆ. ಹಾಗಾಗಿ ಎಲೆ ಉದುರಿದ ಕಾಲದಲ್ಲಿ ಹಾರಿಸಿದ ಸರ್ವೆ ಸಿಕ್ಕರೆ ಅದನ್ನೇ ಆರಿಸಿಕೊಳ್ಳಿ. ಹೀಗೆ ಮರಳಿದ ಪ್ರತಿ ಪಾಲೂ ನಕ್ಷೆಯಲ್ಲಿ ಒಂದು ಬಿಂದು, ದಟ್ಟ ಪೊದೆಯ ಕೆಳಗೆ ನೆಲದ ಬಿಂದುಗಳೇ ಇರುವುದಿಲ್ಲ. ಅಲ್ಲಿ ಸಾಫ್ಟ್‌ವೇರ್ ದೂರದ ಬಿಂದುಗಳನ್ನು ಗೆರೆ ಎಳೆದು ಜೋಡಿಸಿ ಚಪ್ಪಟೆ ತ್ರಿಕೋನಗಳನ್ನು ಮಾಡಿಟ್ಟಿರುತ್ತದೆ. ನನ್ನ ಸುಳ್ಳು ಕ್ವಾರಿಗಳಲ್ಲಿ ಕೆಲವು ಇಂಥ ತ್ರಿಕೋನಗಳೇ.

ದೊಡ್ಡ ಪೆಟ್ಟು ತಿಂದದ್ದು ಮಾತ್ರ ನೆಲದ ಬಿಂದುಗಳನ್ನು ಬೇರ್ಪಡಿಸುವ ಹಂತದಲ್ಲಿ. ಇಂಥ ಬಿಂದುಗಳನ್ನು ನೋಡುವ ಕ್ಲೌಡ್‌ಕಂಪೇರ್ ಎಂಬ ಸಾಫ್ಟ್‌ವೇರ್‌ನಲ್ಲಿ ಒಂದು ಫಿಲ್ಟರ್ ಇದೆ: ಬಿಂದುಗಳನ್ನೆಲ್ಲ ತಲೆಕೆಳಗು ಮಾಡಿ ಮೇಲೊಂದು ಬಟ್ಟೆ ಹೊದಿಸಿದಂತೆ ಲೆಕ್ಕ ಹಾಕುತ್ತದೆ, ಬಟ್ಟೆಗೆ ಹತ್ತಿರವಿದ್ದದ್ದು ನೆಲ, ದೂರವಿದ್ದದ್ದು ಗಿಡಮರ. ಬಟ್ಟೆ ತೀರ ಬಿರುಸಾಗಿದ್ದರೆ ಕಡಿದಾದ ಗೋಡೆಗೆ ಅಂಟುವುದಿಲ್ಲ. ಕ್ವಾರಿಯ ಗುರುತು ಎಂದರೆ ಆ ಕಡಿದಾದ ಗೋಡೆಯೇ ತಾನೆ! ನಾನು ಹುಡುಕುತ್ತಿದ್ದ ಗೋಡೆಯನ್ನೇ ಗಿಡವೆಂದು ಕಿತ್ತು ಬಿಸಾಡಿ, ಉಳಿದ ಇಳಿಜಾರನ್ನು ನೋಡುತ್ತ ಕೂತಿದ್ದೆ. ಈಗ ಒಂದೇ ಜಾಗವನ್ನು ಬಿರುಸು ಬಟ್ಟೆಯಲ್ಲೊಮ್ಮೆ, ಮೆತ್ತನೆಯದರಲ್ಲೊಮ್ಮೆ ಓಡಿಸುತ್ತೇನೆ. ಎರಡರ ವ್ಯತ್ಯಾಸ ಎಲ್ಲಿ ಹೆಚ್ಚೋ ಅಲ್ಲಿ ಕಣ್ಣಿಡುತ್ತೇನೆ.

ನೆರಳು-ಬೆಳಕಿನ ಹಿಲ್‌ಶೇಡ್ ಚಿತ್ರ ನೋಡಲು ಚೆಂದ, ಆದರೆ ನಂಬಿಕೆಗೆ ಯೋಗ್ಯವಲ್ಲ. ರೂಢಿಯಂತೆ ಬೆಳಕು ವಾಯವ್ಯದಿಂದ, 315 ಡಿಗ್ರಿಯಿಂದ ಬೀಳುತ್ತದೆ. ಅದೇ ದಿಕ್ಕಿನಲ್ಲಿ ಸಾಗುವ ಕೊರಕಲು ಕಾಣುವುದೇ ಇಲ್ಲ. ಬೆಳಕನ್ನು ದಕ್ಷಿಣಕ್ಕೆ ತಿರುಗಿಸಿದರೋ, ಗುಂಡಿಗಳು ದಿಬ್ಬಗಳಾಗಿ ಉಬ್ಬಿ ನಿಲ್ಲುತ್ತವೆ. ಸ್ಲೊವೇನಿಯಾದ ಸಂಶೋಧಕರು ಉಚಿತವಾಗಿ ಕೊಟ್ಟಿರುವ ರಿಲೀಫ್ ವಿಷುವಲೈಸೇಷನ್ ಟೂಲ್‌ಬಾಕ್ಸ್ ಎಂಬ ಸಾಫ್ಟ್‌ವೇರ್‌ನಲ್ಲಿ ‘ಸ್ಕೈ ವ್ಯೂ ಫ್ಯಾಕ್ಟರ್’ ಎಂಬುದಿದೆ. ಒಂದು ಜಾಗದಲ್ಲಿ ನಿಂತರೆ ಎಷ್ಟು ಆಕಾಶ ಕಂಡೀತು ಎಂಬ ಲೆಕ್ಕ ಅದು. ಬೆಳಕಿನ ದಿಕ್ಕಿನ ಗೊಡವೆಯಿಲ್ಲದೆ ಗುಂಡಿ ಯಾವಾಗಲೂ ಕಪ್ಪು.

ಇಷ್ಟಾದರೂ ಗುಂಡಿ ಗುಂಡಿಯೇ ಹೊರತು ಕ್ವಾರಿಯೆಂದು ಸಾಬೀತಾಗಲಿಲ್ಲ. ಸುಣ್ಣಕಲ್ಲಿನ ನೆಲ ಕುಸಿದರೆ ಬರುವ ಹೊಂಡಕ್ಕೆ ಪಕ್ಕದಲ್ಲಿ ಮಣ್ಣಿನ ರಾಶಿ ಇರುವುದಿಲ್ಲ. ಬುಡಮೇಲಾದ ಮರ ಚಿಕ್ಕ ಗುಂಡಿಯ ಜೊತೆ ಒಂದೇ ಬದಿಗೆ ಪುಟ್ಟ ದಿಬ್ಬವನ್ನು ಬಿಟ್ಟುಹೋಗುತ್ತದೆ. ಬಾಂಬ್ ಬಿದ್ದ ಕುಳಿಗೆ ಸುತ್ತಲೂ ಅಂಚು, ಒಳಗೆ ಇಳಿಯಲು ದಾರಿಯಿಲ್ಲ. ಇದ್ದಿಲು ಸುಟ್ಟ ಜಾಗ ಇಳಿಜಾರಿನಲ್ಲಿ ಕೆತ್ತಿದ ಸಮತಟ್ಟು ತಟ್ಟೆ, ಆಳವೇ ಇಲ್ಲ. ಇವನ್ನೆಲ್ಲ ದಾಟಿದ ಮೇಲೆ ನಾನು ಕೇಳಿಕೊಳ್ಳುವುದು ಒಂದೇ: ಕಲ್ಲು ಯಾವ ದಾರಿಯಲ್ಲಿ ಹೊರಬಿತ್ತು? ಭಾರದ ಕಲ್ಲನ್ನು ಯಾರೂ ಸುಮ್ಮನೆ ಏರಿಗೆ ಎಳೆಯುವುದಿಲ್ಲ. ಗುಡ್ಡದ ಕಡೆ ಗೋಡೆ, ತಗ್ಗಿನ ಕಡೆ ಬಾಯಿ, ಬಾಯಿಯ ಆಚೀಚೆ ನಾಲಗೆ ಚಾಚಿದಂತೆ ಚೂರುಗಲ್ಲಿನ ರಾಶಿ, ನಡುವಿನಿಂದ ಹೊರಟು ಇಳಿಯುವ ಬಂಡಿ ಜಾಡು. ಈ ನಾಲ್ಕರಲ್ಲಿ ಮೂರಾದರೂ ಇದ್ದರೆ ಮಾತ್ರ ಪಟ್ಟಿಗೆ ಸೇರಿಸುತ್ತೇನೆ.

ಈ ಸೂತ್ರ ಕಟ್ಟಡದ ಕಲ್ಲಿಗೆ ಸರಿ, ಎಲ್ಲದಕ್ಕೂ ಅಲ್ಲ. ಇಂಗ್ಲೆಂಡಿನ ನಾರ್ಫೋಕ್‌ನಲ್ಲಿರುವ ಗ್ರೈಮ್ಸ್ ಗ್ರೇವ್ಸ್‌ನಲ್ಲಿ 400ಕ್ಕೂ ಹೆಚ್ಚು ಕುಳಿಗಳಿವೆ, ಶಿಲಾಯುಗದ ಜನ ಚಕಮಕಿ ಕಲ್ಲಿಗಾಗಿ ತೋಡಿದವು. ಬಂಡಿಯೇ ಇರದ ಕಾಲದಲ್ಲಿ ಬಂಡಿ ಜಾಡು ಎಲ್ಲಿಂದ ಬರಬೇಕು? 1870ರ ಹೊತ್ತಿಗೆ ಪುರಾತತ್ವಜ್ಞ ವಿಲಿಯಂ ಗ್ರೀನ್‌ವೆಲ್ ಒಂದನ್ನು ತಳದವರೆಗೆ ಅಗೆದ ಮೇಲೆಯೇ ಅವು ಏನೆಂದು ಖಚಿತವಾಯಿತು.

ಕಾಡಿನೊಳಗೆ ಮೊಬೈಲಿನ ಜಿಪಿಎಸ್ ಹತ್ತಾರು ಮೀಟರ್ ತಪ್ಪಬಹುದು, ಆದ್ದರಿಂದ ನಕ್ಷೆಯನ್ನು ಕಾಗದದಲ್ಲೂ ಒಯ್ಯುತ್ತೇನೆ. ಗೋಡೆಯ ತರಗೆಲೆ ಸರಿಸಿ ಕೈಯಾಡಿಸಿದರೆ ಉಳಿಯ ಗೀರು, ಕಲ್ಲು ಸೀಳಲು ಸಾಲಾಗಿ ಹೊಡೆದ ಬೆಣೆಗುಳಿ ಬೆರಳಿಗೆ ಸಿಗುತ್ತವೆ. ಪಾಚಿ ಕಿತ್ತು ಹುಡುಕುವ ಚಟ ಬೇಡ, ಮುಟ್ಟಿದರೆ ಸಾಕು.

ಕಳೆದ ಸಲ ಅಕ್ಕಪಕ್ಕದ ಎರಡು ಕ್ವಾರಿಗಳ ನಡುವೆ ಎರಡು ಬಾರಿ ಓಡಾಡಿದರೂ ನನಗೆ ಏನೂ ಹೊಳೆದಿರಲಿಲ್ಲ. ಮನೆಗೆ ಬಂದು ಪರದೆಯಲ್ಲಿ ನೋಡಿದಾಗ, ಮೇಲಿನದರ ಚೂರುಗಲ್ಲಿನ ರಾಶಿ ಕೆಳಗಿನದರ ಬಂಡಿ ಜಾಡಿನ ಮೇಲೆ ಬಿದ್ದು ಅದನ್ನು ಮುಚ್ಚಿತ್ತು. ಕೆಳಗಿನದು ನಿಂತುಹೋದ ಮೇಲೆಯೇ ಮೇಲಿನವರು ಅಲ್ಲಿ ಚೂರು ಸುರಿದಿರಬೇಕು.