ಸೆನ್ಸರ್ ಅಲ್ಲ, ಕಿಲುಬು

ಕಾರವಾರದ ಕೋಡಿಬಾಗದ ಮನೆಯೊಂದರಿಂದ ವಾಷಿಂಗ್ ಮಷಿನ್ ರಿಪೇರಿಗೆ ಕರೆ ಬಂತು. ಹೋಗುತ್ತಿದ್ದಂತೆ ಟೀಚರಮ್ಮ ಬಾಗಿಲಲ್ಲೇ ಶುರು ಮಾಡಿದರು: "ಸೆನ್ಸರ್ ಹೋಗಿದೆ ಅಂತ ಹೊಸದು ಹಾಕಿ ಹೋದ್ರು ಮಾರಾಯ್ರೆ. ಹತ್ತು ದಿನ ಓಡ್ತು, ಮತ್ತೆ ಅದೇ ಎರರ್." ತಣ್ಣೀರಲ್ಲಿ ಒಗೆಯುತ್ತಿತ್ತಂತೆ. 40 ಡಿಗ್ರಿಗೆ ಇಟ್ಟರೆ ಐದೇ ನಿಮಿಷಕ್ಕೆ ನಿಲ್ಲುತ್ತಿತ್ತು.

ಆ 'ಹತ್ತು ದಿನ' ನನಗೆ ಕೊರೆಯತೊಡಗಿತು. ನೀರಿನ ಬಿಸಿ ಅಳೆಯುವ ಈ ಎನ್‌ಟಿಸಿ ಸೆನ್ಸರಿನಲ್ಲಿ ಸವೆಯುವಂಥದ್ದೇನೂ ಇಲ್ಲ. ಬಿಸಿಯಾದಂತೆ ರೆಸಿಸ್ಟೆನ್ಸ್, ಅಂದರೆ ಕರೆಂಟಿಗೆ ಒಡ್ಡುವ ತಡೆ, ಇಳಿಯುವ ಸಣ್ಣ ತುಂಡು, ಅಷ್ಟೆ. ಹೊಸದು ಇಷ್ಟು ಬೇಗ ಸಾಯುವುದು ಅಪರೂಪ.

ಪ್ಲಗ್ ಕಿತ್ತು, ನೀರು ಪೂರ್ತಿ ಇಳಿಸಿ, ಹಿಂಬದಿಯ ತಗಡು ಬಿಚ್ಚಿದೆ. ಟಬ್ಬಿನ ತಳದಲ್ಲಿ ಹೀಟರ್, ಅದರ ರಬ್ಬರಿನಲ್ಲೇ ಸೆನ್ಸರ್ ಸಿಕ್ಕಿಸಿರುತ್ತಾರೆ. ಹೊರಗೆ ಎಳೆದು ಮಲ್ಟಿಮೀಟರ್ ಹಚ್ಚಿದೆ: 11 ಕಿಲೋ ಓಮ್. ಈ ಮಾದರಿಗೆ 25 ಡಿಗ್ರಿಯಲ್ಲಿ 12 ಇರಬೇಕು, ಅವತ್ತಿನ ಸೆಕೆಗೆ 11 ಸರಿಯೇ. ಬಚ್ಚಲಿನ ಹಂಡೆಯಿಂದ ಒಂದು ಲೋಟ ಬಿಸಿನೀರು ತರಿಸಿ ತುದಿ ಅದ್ದಿದೆ. ಅಂಕಿ ಸರಸರ ಇಳಿದು 5ರ ಹತ್ತಿರ ನಿಂತಿತು. ಸೆನ್ಸರ್ ಗಟ್ಟಿ.

ಕನೆಕ್ಟರ್ ಮತ್ತೆ ಸಿಕ್ಕಿಸಿ, ಅದೇ ಎರಡು ವಯರುಗಳನ್ನು ಕಂಟ್ರೋಲ್ ಬೋರ್ಡಿನ ಕಡೆಯಿಂದ ಅಳೆದೆ. ಮೀಟರಿನಲ್ಲಿ ಬರೀ 1, ಅಂದರೆ ದಾರಿ ಎಲ್ಲೋ ಕಡಿದಿದೆ. ಕೆಳಗಿನ ವಯರ್ ಸ್ವಲ್ಪ ಅಲ್ಲಾಡಿಸಿದರೆ 11, ಬಿಟ್ಟರೆ 60, ಮತ್ತೆ 1. ಕನೆಕ್ಟರ್ ಎಳೆದು ಟಾರ್ಚ್ ಬಿಟ್ಟು ನೋಡಿದರೆ ವಯರಿನ ಕಡೆಯ ಪಿನ್ನುಗಳ ಒಳಗೆ ಹಸಿರು ಕಿಲುಬು, ತಂಬಿಗೆಯ ಅಂಚಿಗೆ ಕೂರುತ್ತದಲ್ಲ, ಹಾಗೆ. ಮಷಿನ್ ಇದ್ದದ್ದು ಹಿತ್ತಿಲ ಜಗುಲಿಯಲ್ಲಿ, ಕಡಲ ಗಾಳಿಗೆ ನೇರ ಬೆನ್ನು ಕೊಟ್ಟು.

ಹತ್ತು ದಿನದ ಒಗಟೂ ಅಲ್ಲೇ ಒಡೆಯಿತು. ಹೊಸ ಸೆನ್ಸರ್ ಸಿಕ್ಕಿಸುವಾಗ ಪಿನ್ ಉಜ್ಜಿ ಒಂದಿಷ್ಟು ಕಿಲುಬು ಕೆರೆದು ಹೋಗಿತ್ತು. ಉಪ್ಪು ಗಾಳಿ ಮತ್ತೆ ಕೂರಿಸಿತು.

ಬರೀ ಕ್ಲೀನ್ ಮಾಡಿ ಬಿಟ್ಟರೆ ಈ ಊರಲ್ಲಿ ಒಂದು ಮಳೆಗಾಲವೂ ತಡೆಯುವುದಿಲ್ಲ. ಎರಡೂ ಪಿನ್ ಕತ್ತರಿಸಿ ಹೊಸದು ಒತ್ತಿ, ಮೇಲೆ ಸಿಲಿಕಾನ್ ಗ್ರೀಸ್ ಹಚ್ಚಿದೆ. ವಯರನ್ನು ಸ್ವಲ್ಪ ಜೋಲು ಬಿಟ್ಟು ಕಟ್ಟಿದೆ, ಹನಿ ಇಳಿದರೆ ಕನೆಕ್ಟರಿಗೆ ಹೋಗದೆ ಕೆಳಗೆ ತೊಟ್ಟಿಕ್ಕಲಿ ಅಂತ. 60 ಡಿಗ್ರಿಗೆ ಖಾಲಿ ಓಡಿಸಿದಾಗ ಬಾಗಿಲ ಗಾಜು ಬಿಸಿಯಾಯಿತು.

ಹೊರಡುವಾಗ ಟೀಚರಮ್ಮ ಡಬ್ಬಿಯಿಂದ ಹಳೆಯ ಸೆನ್ಸರ್ ತೆಗೆದು, "ಇದನ್ನೊಮ್ಮೆ ನೋಡಿ" ಅಂದರು. ಮೀಟರ್ ಹಚ್ಚಿದೆ. ಅದೂ 11.