ಸೆಕೆ, ಮಳೆ ಮತ್ತು ಹಳೆಯ ರಾಕ್ ರೆಕಾರ್ಡುಗಳು: ಕಾಪಾಡುವ ಕ್ರಮ

ಕುಂಬಳೆ, ಬದಿಯಡ್ಕ, ಮಂಜೇಶ್ವರದ ಕಡೆಯ ಕೆಲವು ಹಳೆಯ ಮನೆಗಳಲ್ಲಿ, ಮುಂಬಯಿಯಲ್ಲಿ ಉದ್ಯೋಗಕ್ಕಿದ್ದ ದೊಡ್ಡಪ್ಪನೋ ಮಂಗಳೂರಿನಲ್ಲಿ ಕಾಲೇಜು ಓದಿದ ಸೋದರಮಾವನೋ ತಂದಿಟ್ಟ ಬಿಲ್ ಹೇಲಿ, ಎಲ್ವಿಸ್ ಪ್ರೀಸ್ಲಿ, ಬೀಟಲ್ಸ್ ರೆಕಾರ್ಡುಗಳು ಇನ್ನೂ ಉಳಿದಿವೆ. ತಾಳಮದ್ದಳೆ, ಯಕ್ಷಗಾನಗಳ ಈ ಊರುಗಳಲ್ಲಿ ರಾಕ್ ಸಂಗೀತಕ್ಕೆ ಮನಸೋತವರು ವಿರಳವಾಗಿದ್ದುದರಿಂದ ಆ ಪ್ಲೇಟುಗಳ ಬೆಲೆ ನನ್ನ ದೃಷ್ಟಿಯಲ್ಲಿ ಇನ್ನೂ ಹೆಚ್ಚು. ಹಾಡು ಇಂದು ಫೋನಿನಲ್ಲಿಯೂ ಸಿಗುತ್ತದೆ; ಆದರೆ ಹೊದಿಕೆಯ ಮೇಲೆ ಕೊಂಡವರೇ ಬರೆದ ಹೆಸರು, ಅಂಗಡಿಯ ಮೊಹರು, ಪದೇ ಪದೇ ನುಡಿಸಿ ಸವೆದ ಒಂದು ಬದಿ, ಇವು ಆ ಪ್ಲೇಟಿನಲ್ಲಿ ಮಾತ್ರ ಇರುತ್ತವೆ. ಇವನ್ನು ನಮ್ಮ ಸೆಕೆಗೂ ಮಳೆಗೂ ಬಲಿಕೊಡದೆ ಉಳಿಸಿಕೊಳ್ಳುವುದು ಕಷ್ಟವೇನಲ್ಲ.

ಮೊದಲು ಪ್ಲೇಟು ಯಾವುದರಿಂದ ಮಾಡಿದ್ದೆಂದು ತಿಳಿಯಬೇಕು. ನಿಮಿಷಕ್ಕೆ 78 ಸುತ್ತು ತಿರುಗುವ ಹಳೆಯ ಪ್ಲೇಟುಗಳು ಸಾಮಾನ್ಯವಾಗಿ ಅರಗಿನಿಂದ ತಯಾರಾದವು. ಅವು ಭಾರವಾಗಿರುತ್ತವೆ ಮತ್ತು ಕೈತಪ್ಪಿ ಬಿದ್ದರೆ ಒಡೆಯುತ್ತವೆ. 45 ಮತ್ತು 33⅓ ಸುತ್ತಿನವು ವಿನೈಲ್, ಅಂದರೆ ಒಂದು ಬಗೆಯ ಪ್ಲಾಸ್ಟಿಕ್. ಎಲ್ವಿಸ್ 1954ರಲ್ಲಿ ಮೆಂಫಿಸ್‌ನ ಸನ್ ಸ್ಟುಡಿಯೋದಲ್ಲಿ ಹಾಡಿದ ಮೊದಲ ಹಾಡುಗಳು 78 ಮತ್ತು 45, ಎರಡೂ ರೂಪಗಳಲ್ಲಿ ಮಾರಾಟವಾದವು. ಭಾರತದಲ್ಲಿ ಅರಗಿನ ಪ್ಲೇಟು ಇನ್ನಷ್ಟು ಕಾಲ ನಡೆಯಿತು. ಬೀಟಲ್ಸ್ ಹಾಡುಗಳು ಸಹ 1960ರ ದಶಕದ ಮಧ್ಯದವರೆಗೆ ಇಲ್ಲಿ 78ರಲ್ಲಿ ಹೊರಬಂದಿವೆ. ಆದ್ದರಿಂದ ಹಾಡುಗಾರನ ಹೆಸರನ್ನು ನೋಡಿ ಪ್ಲೇಟಿನ ಜಾತಿಯನ್ನು ಊಹಿಸದೆ, ನಡುವಿನ ಚೀಟಿಯಲ್ಲಿ ಅಚ್ಚಾದ ವೇಗವನ್ನು ಓದಿಕೊಳ್ಳಿರಿ.

ವಿನೈಲ್‌ಗೆ ದೊಡ್ಡ ಶತ್ರು ಬಿಸಿ. ಸುಮಾರು 60 ಡಿಗ್ರಿ ಸೆಲ್ಸಿಯಸ್ ದಾಟುವಾಗ ಅದು ಮೆತ್ತಗಾಗಿ ಬಾಗತೊಡಗುತ್ತದೆ, ಭಾರ ಬಿದ್ದರೆ ಅದಕ್ಕಿಂತ ಕಡಿಮೆ ಬಿಸಿಯಲ್ಲಿಯೂ ನಿಧಾನವಾಗಿ ಸೊಟ್ಟಗಾಗುತ್ತದೆ. ಮಾರ್ಚಿಯಿಂದ ಮೇ ತಿಂಗಳವರೆಗೆ ಹಂಚಿನ ಮಾಡಿನ ಅಟ್ಟ, ತಾರಸಿಯ ಕೆಳಗಿನ ಮೇಲಂತಸ್ತಿನ ಕೋಣೆ, ಸಂಜೆ ಬಿಸಿಲು ಬಡಿಯುವ ಪಡುವಣ ಗೋಡೆ, ಈ ಮೂರೂ ರೆಕಾರ್ಡಿಗೆ ಒಗ್ಗದ ಜಾಗಗಳು. ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗಂತೂ ಅರ್ಧ ಗಂಟೆಯೂ ಇಡಬಾರದು. ಕೆಳಗಿನ ಅಂತಸ್ತಿನಲ್ಲಿ, ಮನೆಯ ನಡುವಣ ಕೋಣೆಯ ಒಳಗೋಡೆಗೆ ತಾಗಿಕೊಂಡಿರುವ ಮರದ ಕಪಾಟು ಎಲ್ಲಕ್ಕಿಂತ ಉತ್ತಮ. ಪ್ಲೇಟುಗಳನ್ನು ಒಂದರ ಮೇಲೊಂದು ಪೇರಿಸದೆ, ಪುಸ್ತಕಗಳಂತೆ ನೆಟ್ಟಗೆ ನಿಲ್ಲಿಸಿ, ವಾಲದಂತೆ ನಡುನಡುವೆ ಹಲಗೆಯ ಆಧಾರ ಕೊಡಿರಿ.

ಜೂನ್ ತಿಂಗಳಲ್ಲಿ ಕಷ್ಟದ ಸ್ವರೂಪವೇ ಬದಲಾಗುತ್ತದೆ. ಮುರಕಲ್ಲಿನ ಗೋಡೆ ನೀರು ಹೀರಿ ತಿಂಗಳುಗಟ್ಟಲೆ ತಂಪಾಗಿಯೇ ಇರುವುದರಿಂದ ಹೊದಿಕೆಯ ಕಾಗದ ಪಸೆಗಟ್ಟುತ್ತದೆ, ಬೂಸರು ಮೊದಲು ಅಲ್ಲಿ ಹುಟ್ಟಿ ಅಲ್ಲಿಂದ ಪ್ಲೇಟಿನ ಗೀರುಗಳಿಗೆ, ಅಂದರೆ ಮುಳ್ಳು ಓಡುವ ಸುತ್ತುಗೆರೆಗಳಿಗೆ, ಇಳಿಯುತ್ತದೆ. ಗಾಳಿಯ ತೇವಾಂಶ ಶೇಕಡಾ 65 - 70 ದಾಟಿ ಹಾಗೆಯೇ ನಿಂತರೆ ಅದಕ್ಕೆ ಅನುಕೂಲ, ನಮ್ಮ ಮಳೆಗಾಲ ಪೂರ್ತಿ ಅದಕ್ಕಿಂತ ಮೇಲೆಯೇ ಇರುತ್ತದೆ. ಆದ್ದರಿಂದ ತೊಳೆಯುವ ಕೆಲಸವನ್ನು ಮೇ ತಿಂಗಳ ಒಣ ದಿನಗಳಲ್ಲಿಯೇ ಮುಗಿಸಬೇಕು. ಕಪಾಟನ್ನು ಗೋಡೆಯಿಂದ ನಾಲ್ಕು ಬೆರಳು ದೂರ ಸರಿಸಿ, ಒಳಗೆ ಸಿಲಿಕಾ ಜೆಲ್ ಪೊಟ್ಟಣಗಳನ್ನಿಟ್ಟು, ಬಿಸಿಲು ಹೊಳೆದ ದಿನ ಬಾಗಿಲು ತೆರೆದು ಗಾಳಿಯಾಡಲು ಬಿಡಿರಿ. ರೆಕಾರ್ಡನ್ನೇ ಹಪ್ಪಳದಂತೆ ಬಿಸಿಲಿಗೆ ಹಾಕುವುದು ಮಾತ್ರ ಬೇಡ.

ತೊಳೆಯುವುದಕ್ಕೆ ಡಿಸ್ಟಿಲ್ಡ್ ವಾಟರ್ ಬೇಕು. ಬಾವಿಯ ನೀರಿನಲ್ಲಿ ಕರಗಿರುವ ಲವಣ ಒಣಗಿದ ಮೇಲೆ ಗೀರಿನಲ್ಲಿ ಉಳಿದು ಕರಕರ ಸದ್ದು ಮಾಡುತ್ತದೆ. ಅರ್ಧ ಲೀಟರಿಗೆ ಪಾತ್ರೆ ತೊಳೆಯುವ ದ್ರಾವಣದ ಒಂದೆರಡು ಹನಿ ಸಾಕು. ಮೆತ್ತನೆಯ ಬ್ರಷ್ಷನ್ನು ಇದರಲ್ಲಿ ಅದ್ದಿ, ಗೀರು ಸುತ್ತುವ ದಿಕ್ಕಿನಲ್ಲಿಯೇ ನಿಧಾನವಾಗಿ ಒಯ್ಯಿರಿ; ಅಡ್ಡಕ್ಕೆ ಉಜ್ಜಿದರೆ ಧೂಳಿನ ಕಣವೇ ಗೀಚಿಬಿಡುತ್ತದೆ. ನಡುವಿನ ಚೀಟಿಗೆ ನೀರು ತಾಗಿಸಬೇಡಿರಿ. ಮತ್ತೆ ಬರಿಯ ಡಿಸ್ಟಿಲ್ಡ್ ವಾಟರಿನಿಂದ ತೊಳೆದು, ಹತ್ತಿಯ ಬಟ್ಟೆಯಿಂದ ಒತ್ತಿ ನೀರು ತೆಗೆದು, ನೆರಳಿನಲ್ಲಿ ನಿಲ್ಲಿಸಿ ಒಣಗಿಸಿರಿ. ಅರಗಿನ ಪ್ಲೇಟನ್ನು ಹೆಚ್ಚು ಹೊತ್ತು ಒದ್ದೆಯಾಗಿಡದೆ ಕೂಡಲೇ ಒರಸಬೇಕು. ಅದಕ್ಕೆ ಸ್ಪಿರಿಟ್ಟನ್ನಾಗಲಿ ಸ್ಯಾನಿಟೈಸರನ್ನಾಗಲಿ ಎಂದಿಗೂ ಹಚ್ಚಬಾರದು. ಆಲ್ಕೋಹಾಲ್ ಅರಗನ್ನು ಕರಗಿಸಿ ಹಾಡನ್ನು ಶಾಶ್ವತವಾಗಿ ಅಳಿಸುತ್ತದೆ. ಬೂಸರು ಹಿಡಿದ ಒಳಚೀಲವನ್ನು ಎಸೆದು ಹೊಸದು ಹಾಕಿರಿ.

ನುಡಿಸುವಾಗ ಮುಳ್ಳನ್ನು ಗಮನಿಸಬೇಕು. 78ರ ಗೀರು ಎಲ್‌ಪಿಯ, ಅಂದರೆ 33⅓ ಸುತ್ತಿನ ಪ್ಲೇಟಿನ, ಗೀರಿಗಿಂತ ಸುಮಾರು ಮೂರು ಪಟ್ಟು ಅಗಲವಾಗಿರುವುದರಿಂದ ಎರಡಕ್ಕೂ ಒಂದೇ ಮುಳ್ಳು ನಡೆಯದು. ವರ್ಷಗಟ್ಟಲೆ ಮುಟ್ಟದ ಯಂತ್ರದ ರಬ್ಬರ್ ಬೆಲ್ಟು ನಮ್ಮ ಸೆಕೆಗೆ ಕರಗಿ ಡಾಮರಿನಂತೆ ಅಂಟಿಕೊಂಡಿರಬಹುದು. ಗಲ್ಫಿನಿಂದ ಬಂದ ಕ್ಯಾಸೆಟ್ ಪ್ಲೇಯರುಗಳಿಗೂ ಇದೇ ಗತಿ. ಸ್ವಿಚ್ಚು ಹಾಕುವ ಮೊದಲು ಮುಚ್ಚಳ ಬಿಚ್ಚಿಸಿ ನೋಡುವುದು ಕ್ಷೇಮ.

ಎಲ್ಲವೂ ಸಿದ್ಧವಾದ ಮೇಲೆ, ಸಂಜೆ ಸೆಕೆ ಇಳಿದ ಹೊತ್ತಿನಲ್ಲಿ, ಪ್ಲೇಟು ತಂದ ಹಿರಿಯರನ್ನು ಚಾವಡಿಗೆ ಕರೆದು ಕುಳ್ಳಿರಿಸಿ ನುಡಿಸಿರಿ. ನನಗೆ ಇದು ತೊಳೆಯುವುದರಷ್ಟೇ ಮುಖ್ಯವಾದ ಕೆಲಸ. "ಆಗ ಹೇಗಿತ್ತು ದೊಡ್ಡಪ್ಪಾ?" ಎಂದು ಕೇಳಿದರೆ "ಚೆನ್ನಾಗಿತ್ತು ಮಗಾ" ಎಂಬಲ್ಲಿಗೆ ಮಾತು ನಿಲ್ಲುತ್ತದೆ. ಈ ಹಾಡನ್ನು ಮೊದಲು ಕೇಳಿದ್ದು ರೇಡಿಯೋ ಸಿಲೋನಿನಲ್ಲೋ ಹೋಟೆಲಿನಲ್ಲೋ, ಪ್ಲೇಟಿಗೆ ಎಷ್ಟು ಕೊಟ್ಟಿರಿ, ಮನೆಯಲ್ಲಿ ಯಾರು ಬೈದರು ಎಂದು ಬಿಡಿಬಿಡಿಯಾಗಿ ಕೇಳಿರಿ. ಹಾಡು ಮುಗಿದ ಮೇಲೆ ಫೋನಿನಲ್ಲಿ ಅವರ ಮಾತನ್ನು ಧ್ವನಿಮುದ್ರಿಸಿಕೊಂಡು, ಮುಖ್ಯಾಂಶವನ್ನು ಒಂದು ಚೀಟಿಗೆ ಬರೆದು ಹೊರಹೊದಿಕೆಯೊಳಗೆ ಇಡಿರಿ. ಶಾಯಿ ಮಳೆಗಾಲದ ಪಸೆಗೆ ಹರಡುವುದರಿಂದ ಪೆನ್ಸಿಲಿನಿಂದಲೇ ಬರೆಯಬೇಕು. ಹೇಳಿದವರ ಹೆಸರನ್ನೂ ತಾರೀಕನ್ನೂ ಸೇರಿಸಿ, ಧ್ವನಿಮುದ್ರಣದ ಒಂದು ಪ್ರತಿಯನ್ನು ಬೇರೆ ಊರಿನಲ್ಲಿರುವ ಮಕ್ಕಳಿಗೆ ಅಂದೇ ಕಳುಹಿಸಿಬಿಡಿರಿ.