ಪ್ರಶ್ನೆಯ ಕೊನೆಯ ಪದ

ಕಲಬುರಗಿಯಲ್ಲಿ ರಾಜ್ಯಶಾಸ್ತ್ರದ ಎಂ.ಎ. ಓದುತ್ತಿದ್ದಾಗ ಅಸೈನ್‌ಮೆಂಟ್ ಬರೆಯಲು ನಾನು ರೂಢಿಸಿಕೊಂಡ ಕ್ರಮವೆಂದರೆ ಪ್ರಶ್ನೆಯನ್ನು ಕೊನೆಯಿಂದ ಓದುವುದು. ಕನ್ನಡದಲ್ಲಿ ಕ್ರಿಯಾಪದ ವಾಕ್ಯದ ತುದಿಗೆ ಬರುವುದರಿಂದ, ಕಲಬುರಗಿ ಸೇರಿದಂತೆ ಹೈದರಾಬಾದ್-ಕರ್ನಾಟಕ ಭಾಗಕ್ಕೆ ವಿಶೇಷ ಸೌಲಭ್ಯ ಕಲ್ಪಿಸುವ ಸಂವಿಧಾನದ ‘371(ಜೆ) ವಿಧಿ’ ಎಂಬ ಪರಿಚಿತ ಮಾತು ಕಣ್ಣಿಗೆ ಬಿದ್ದೊಡನೆ ಮನಸ್ಸು ಉತ್ತರ ಜೋಡಿಸತೊಡಗುತ್ತದೆ. ಮುಂದೆ ‘ವಿವರಿಸಿ’ ಎಂದಿದೆಯೋ ‘ಮೌಲ್ಯಮಾಪನ ಮಾಡಿ’ ಎಂದಿದೆಯೋ ಎಂಬುದರತ್ತ ಗಮನ ಹರಿಯುವುದಿಲ್ಲ. ಹೀಗಾಗಿ ಆ ಪದಕ್ಕೆ ಅಡಿಗೆರೆ ಎಳೆದು, ಉತ್ತರ ಓದಿ ಮುಗಿಸಿದವರಿಗೆ ಏನು ತಿಳಿದಿರಬೇಕು ಎಂಬುದನ್ನು ಒಂದು ವಾಕ್ಯದಲ್ಲಿ ಬರೆದುಕೊಂಡ ನಂತರವೇ ಪುಸ್ತಕ ತೆರೆಯುತ್ತಿದ್ದೆ.

ನಮ್ಮ ಭಾಗದ ವಿದ್ಯಾರ್ಥಿಗಳಿಗೆಲ್ಲ ಗೊತ್ತಿರುವ ಈ ವಿಧಿಯನ್ನೇ ತೆಗೆದುಕೊಳ್ಳೋಣ. ‘ವಿವರಿಸಿ’ ಎಂದಾಗ 2012ರ 98ನೆಯ ತಿದ್ದುಪಡಿ ಕಾಯ್ದೆ, ಪ್ರತ್ಯೇಕ ಅಭಿವೃದ್ಧಿ ಮಂಡಳಿ, ಅನುದಾನದ ನ್ಯಾಯಯುತ ಹಂಚಿಕೆ, ಶಿಕ್ಷಣ ಮತ್ತು ಉದ್ಯೋಗದಲ್ಲಿನ ಮೀಸಲಾತಿ ಇವನ್ನು ಕ್ರಮವಾಗಿ ಹೇಳಿದರೆ ಸಾಕಾಗುತ್ತಿತ್ತು. ಅಲ್ಲಿ ನನ್ನ ಅಭಿಪ್ರಾಯವನ್ನು ಯಾರೂ ಕೇಳಿರುವುದಿಲ್ಲ. ‘ವಿಶ್ಲೇಷಿಸಿ’ ಎಂದಾಗ ಅದೇ ಅಂಶಗಳ ನಡುವಿನ ಸಂಬಂಧವನ್ನು ತೋರಿಸಬೇಕು: ಮಂಡಳಿ ಮತ್ತು ಅನುದಾನ ಪ್ರದೇಶದ ಹಿಂದುಳಿದಿರುವಿಕೆಗೆ ಉತ್ತರವಾದರೆ, ಮೀಸಲಾತಿ ಇಲ್ಲಿನ ಜನರ ಅವಕಾಶಗಳಿಗೆ ಸಂಬಂಧಿಸಿದ್ದು, ಒಂದನ್ನು ಬಿಟ್ಟು ಇನ್ನೊಂದು ಏಕೆ ಸಾಲದು ಎಂಬುದೇ ಅಲ್ಲಿ ಉತ್ತರದ ತಿರುಳು.

ನಾನು ಹೆಚ್ಚು ಸಮಯ ಕೊಡುತ್ತಿದ್ದುದು ‘ಮೌಲ್ಯಮಾಪನ ಮಾಡಿ’, ‘ಎಷ್ಟರ ಮಟ್ಟಿಗೆ ಯಶಸ್ವಿಯಾಗಿದೆ’ ಎಂಬ ಪ್ರಶ್ನೆಗಳಿಗೆ. ಅಳೆಯುವ ಮಾನದಂಡ ಯಾವುದೆಂದು ಮೊದಲೇ ಹೇಳದಿದ್ದರೆ ತೀರ್ಮಾನಕ್ಕೆ ಬೆಲೆಯಿಲ್ಲ. ವೈದ್ಯಕೀಯ ಮತ್ತು ಎಂಜಿನಿಯರಿಂಗ್ ಸೀಟುಗಳು ಸ್ಥಳೀಯರಿಗೆ ದೊರೆತವೇ ಎಂದು ನೋಡಿದರೆ ಬರುವ ಉತ್ತರ ಒಂದು, ತಲಾ ಆದಾಯದ ಅಂತರ ತಗ್ಗಿತೇ ಎಂದು ನೋಡಿದರೆ ಬರುವುದು ಇನ್ನೊಂದು. ಆದ್ದರಿಂದ ಮೊದಲ ಪ್ಯಾರಾದಲ್ಲೇ ಮಾನದಂಡವನ್ನು ಘೋಷಿಸಿ, ಕೊನೆಯಲ್ಲಿ ಅದಕ್ಕೆ ತಕ್ಕ ನಿಲುವನ್ನು ಬರೆಯುತ್ತಿದ್ದೆ. ‘ವಿಮರ್ಶಿಸಿ’ ಎಂದರೆ ತೆಗಳಬೇಕೆಂದು ತಿಳಿಯುವವರು ಬಹಳ. ಗುಣದೋಷಗಳೆರಡನ್ನೂ ತೂಗುವುದೇ ಅದರ ಅರ್ಥವೆಂದು ಗ್ರಹಿಸಿ ಬರೆದವರು ನನ್ನ ತರಗತಿಯಲ್ಲಿ ಕಡಿಮೆಯೇ ಇದ್ದರು.

‘ಹೋಲಿಸಿ’ ಎಂದಾಗ, ಮೊದಲ ಎರಡು ಪುಟ 371(ಜೆ)ಗೂ ಮುಂದಿನ ಎರಡು ಪುಟ ಆಂಧ್ರಪ್ರದೇಶಕ್ಕಾಗಿ 1973ರ 32ನೆಯ ತಿದ್ದುಪಡಿ ತಂದ 371(ಡಿ)ಗೂ ಮೀಸಲಿಡುವುದು ಹೋಲಿಕೆಯಾಗುವುದಿಲ್ಲ. ಉದ್ಯೋಗ, ಶಿಕ್ಷಣ, ಅಭಿವೃದ್ಧಿ ಮಂಡಳಿ ಎಂಬ ಆಧಾರಗಳನ್ನು ಎಡಬದಿಯಲ್ಲಿ ಬರೆದು ಎರಡೂ ವಿಧಿಗಳನ್ನು ಒಂದೊಂದಾಗಿ ಅವುಗಳೆದುರು ಇಟ್ಟರೆ, ಮೊದಲೆರಡು ಎರಡರಲ್ಲೂ ಇದ್ದು, ಮಂಡಳಿ ಮಾತ್ರ ನಮ್ಮ ವಿಧಿಯಲ್ಲಷ್ಟೇ ಇರುವುದು ತಾನಾಗಿ ಎದ್ದು ಕಾಣುತ್ತದೆ. ‘ಚರ್ಚಿಸಿ’ ಎಂಬುದಕ್ಕೆ ಕನಿಷ್ಠ ಎರಡು ವಾದಗಳಾದರೂ ಬೇಕು.

ಬರಿಯ ‘ಬರೆಯಿರಿ’ ಎಂದಷ್ಟೇ ಇದ್ದಾಗ ಅಂಕಗಳನ್ನು ನೋಡುತ್ತಿದ್ದೆ. ಐದು ಅಂಕವಿದ್ದರೆ ವಿವರಣೆ ಸಾಕು. ಹದಿನೈದಿದ್ದರೆ ವಿಶ್ಲೇಷಣೆಯ ನಿರೀಕ್ಷೆಯೂ ಇರುತ್ತದೆಂದು ಭಾವಿಸಿ, ಬರೆಯಲು ಕೂರುವ ಮುನ್ನ ಒಮ್ಮೆ ಸರ್ ಅವರನ್ನೇ ಕೇಳಿಬಿಡುತ್ತಿದ್ದೆ.